ಮೂವರು ಸೋದರಿಯರು: ಒಂದು ಕೂಡುಬೆಳೆಯ ಚರಿತ್ರೆ

ಉತ್ತರ ಅಮೆರಿಕದ ಈಶಾನ್ಯದಲ್ಲಿ, ಇಂದಿನ ನ್ಯೂಯಾರ್ಕ್ ರಾಜ್ಯದ ಸರೋವರಗಳ ಸುತ್ತ ನೆಲೆಸಿದ್ದ ಹೋಡೆನೊಶೋನಿ ಜನರು ಮುಸುಕಿನ ಜೋಳ, ಬಳ್ಳಿ ಬೀನ್ಸ್ ಮತ್ತು ಕುಂಬಳವನ್ನು ಒಂದೇ ಹೊಲದಲ್ಲಿ, ಎಷ್ಟೋ ಕಡೆ ಒಂದೇ ಮಣ್ಣುಗುಡ್ಡೆಯ ಮೇಲೆ ಕೂಡಿಸಿ ಬೆಳೆಯುತ್ತಿದ್ದರು. ಈ ಪದ್ಧತಿಗೆ ಇಂಗ್ಲಿಷಿನಲ್ಲಿ ‘ತ್ರೀ ಸಿಸ್ಟರ್ಸ್’, ಎಂದರೆ ಮೂವರು ಸೋದರಿಯರು, ಎಂಬ ಹೆಸರು ನಿಂತಿದೆ. ಹೋಡೆನೊಶೋನಿ ಎಂದರೆ ಉದ್ದಮನೆಯ ಜನ. ಫ್ರೆಂಚರು ಇರೊಕ್ವಾ ಎಂದು ಕರೆದದ್ದು ಇವರನ್ನೇ. ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ ಎಂಬ ಐದು ಕುಲಗಳ ಈ ಒಕ್ಕೂಟಕ್ಕೆ 1722ರಲ್ಲಿ ಟಸ್ಕರೋರಾ ಕುಲವೂ ಸೇರಿತು. ಸೆನೆಕಾ ಭಾಷೆಯಲ್ಲಿ ಈ ಮೂರು ಬೆಳೆಗಳಿಗೆ ಒಟ್ಟಾಗಿ ಇರುವ ಹೆಸರು ‘ದಿಯೊಹೇಕೊ’, ನಮ್ಮನ್ನು ಬದುಕಿಸುವವರು. ಆಕಾಶದಿಂದ ಆಮೆಯ ಬೆನ್ನಿನ ಮೇಲೆ ಇಳಿದ ಹೆಣ್ಣಿನ ಮಗಳು ಅವಳಿಮಕ್ಕಳನ್ನು ಹೆತ್ತು ಸತ್ತಾಗ, ಅವಳನ್ನು ಹೂಳಿದ ನೆಲದಿಂದ ಇವು ಮೊಳೆತವೆಂದು ಅವರ ಸೃಷ್ಟಿಕಥೆ ಹೇಳುತ್ತದೆ. ಹಿತ್ತಲ ಕೈತೋಟದ ಕೈಪಿಡಿಗಳು ಈ ಕೂಡುಬೆಳೆಯನ್ನು ಕಾಲವೇ ಇಲ್ಲದ ಪ್ರಾಚೀನ ಜ್ಞಾನವೆಂಬಂತೆ ಹೊಗಳುವುದು ವಾಡಿಕೆಯಾದರೂ, ಅದಕ್ಕೆ ಕಾಲವೂ ಉಂಟು, ಅದನ್ನು ಕಟ್ಟಿದ ಕೈಗಳೂ ಉಂಟು, ಅದರ ಮೇಲೆ ನಡೆದ ಯುದ್ಧಗಳೂ ಉಂಟು.

ಮೊದಲ ಸಂಗತಿಯೆಂದರೆ ಈ ಸೋದರಿಯರು ಒಂದೇ ವಯಸ್ಸಿನವರಲ್ಲ. ಮೂವರಲ್ಲಿ ಹಿರಿಯಳು ಕುಂಬಳ: ಮೆಕ್ಸಿಕೊದ ಒಹಾಕಾ ಕಣಿವೆಯ ಗಿಲಾ ನಕಿಟ್ಸ್ ಎಂಬ ಗುಹೆಯಲ್ಲಿ ಸಿಕ್ಕ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಮುಸುಕಿನ ಜೋಳವು ಸುಮಾರು 9,000 ವರ್ಷಗಳ ಹಿಂದೆ, ಮೆಕ್ಸಿಕೊದ ನೈಋತ್ಯದ ಬಾಲ್ಸಾಸ್ ನದಿಯ ಕಣಿವೆಯಲ್ಲಿ, ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ರೂಪುಗೊಂಡಿತು. ಆ ಹುಲ್ಲಿನ ತೆನೆಯಲ್ಲಿ ಇರುವುದು ಗಟ್ಟಿ ಕವಚದ ಕೆಲವೇ ಕಾಳುಗಳು. ಮೂರನೆಯದಾದ ಬೀನ್ಸ್, ಎಂದರೆ ಎಳೆಯದಾಗಿದ್ದಾಗ ಹುರುಳಿಕಾಯಿ ಎಂದು ಪಲ್ಯಕ್ಕೂ ಬಲಿತು ಒಣಗಿದಾಗ ರಾಜ್ಮಾ ಎಂಬ ಕಾಳಾಗಿಯೂ ಬಳಕೆಯಾಗುವ ಗಿಡ, ಮಧ್ಯ ಅಮೆರಿಕದಲ್ಲೊಮ್ಮೆ, ಆಂಡೀಸ್ ಪರ್ವತಸೀಮೆಯಲ್ಲೊಮ್ಮೆ, ಬೇರೆಬೇರೆಯಾಗಿ ಮನುಷ್ಯರ ಕೈಗೆ ಪಳಗಿತು. ಮೆಕ್ಸಿಕೊದಲ್ಲಿ ಈ ಮೂರೂ ಮೆಣಸಿನಕಾಯಿ, ಸೊಪ್ಪುಗಳೊಡನೆ ಬೆರೆತು ಬೆಳೆಯುವ ಹೊಲಕ್ಕೆ ‘ಮಿಲ್ಪಾ’ ಎಂಬ ಹೆಸರಿದ್ದು, ಅದು ಇಂದಿಗೂ ಜೀವಂತವಾಗಿದೆ.

ಈ ಮೂರು ಬೆಳೆಗಳೂ ಕನ್ನಡನಾಡಿಗೆ ಬಂದದ್ದು ಪೋರ್ಚುಗೀಸರು ಕಡಲು ದಾಟಿ ಬಂದ ಮೇಲೆ. ಇಲ್ಲಿನ ಬೂದುಗುಂಬಳ ಏಷ್ಯಾದ್ದೇ ಆದ ಬೇರೊಂದು ಕುಲದ ಬಳ್ಳಿ, ಹೊರಗಿನಿಂದ ಬಂದದ್ದು ಸಿಹಿಗುಂಬಳ. ಹದಿಮೂರನೆಯ ಶತಮಾನದ ಸೋಮನಾಥಪುರದ ಹೊಯ್ಸಳ ದೇಗುಲದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ ಎಂದು 1989ರಲ್ಲಿ ಅಮೆರಿಕದ ಭೂಗೋಳತಜ್ಞ ಕಾರ್ಲ್ ಜೊಹಾನೆಸನ್ ಮತ್ತು ಸಂಗಡಿಗರೊಬ್ಬರು ವಾದಿಸಿದಾಗ ಕೊಲಂಬಸನಿಗೂ ಹಿಂದಿನ ಸಾಗರಸಂಪರ್ಕದ ಊಹೆಗಳು ಗರಿಗೆದರಿದ್ದವು. ಭಾರತದ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದನ್ನು ಅಲ್ಲಗಳೆದು, ಅದು ಮುತ್ತುಗಳನ್ನು ಪೋಣಿಸಿದಂತೆ ಕಲ್ಪಿಸಿದ ‘ಮುಕ್ತಾಫಲ’ವೆಂದು ತೋರಿಸಿದರು. ಅವರ ವಾದವೇ ಹೆಚ್ಚು ಗಟ್ಟಿಯಾದದ್ದು. ಶಿಲ್ಪದ ಹೊರಗೆ, ಅಗೆತದ ಮಣ್ಣಿನಲ್ಲಿ, ಅಷ್ಟು ಹಳೆಯ ಜೋಳದ ಒಂದು ಕಾಳೂ ಇಲ್ಲಿ ಸಿಕ್ಕಿಲ್ಲ.

ನ್ಯೂಯಾರ್ಕ್ ಸೀಮೆಗೂ ಮೂರು ಬೆಳೆಗಳು ಒಟ್ಟಿಗೆ ಬರಲಿಲ್ಲ. ಮಡಕೆಯ ಒಳಮೈಗೆ ಸೀದು ಅಂಟಿದ ಅಡುಗೆಯ ಕರಿಯಲ್ಲಿ ಉಳಿದ ಸಸ್ಯಗಳ ಸೂಕ್ಷ್ಮ ಸಿಲಿಕಾ ಕಣಗಳನ್ನು ಪರೀಕ್ಷಿಸಿದಾಗ, ಕುಂಬಳ ಅಲ್ಲಿ ಸುಮಾರು 3,000 ವರ್ಷಗಳಿಂದಲೂ ಜೋಳ ಸುಮಾರು 2,300 ವರ್ಷಗಳಿಂದಲೂ ಇದೆಯೆಂದು ತಿಳಿದುಬಂದಿದೆ. ಬೀನ್ಸ್‌ನ ಮಾತು ಬೇರೆ. ರೌಂಡ್‌ಟಾಪ್ ಎಂಬ ನೆಲೆಯಲ್ಲಿ ಮೂರೂ ಬೆಳೆಗಳ ಅವಶೇಷಗಳು ದೊರೆತಾಗ ಅವು ಹನ್ನೊಂದನೆಯ ಶತಮಾನದವೆಂದು ಎಣಿಸಲಾಗಿತ್ತು. ಆದರೆ 1999ರಲ್ಲಿ ಜಾನ್ ಹಾರ್ಟ್ ಎಂಬ ಪುರಾತತ್ತ್ವಜ್ಞರು ಕಾಳುಗಳನ್ನೇ ನೇರವಾಗಿ ಕಾಲಮಾಪನಕ್ಕೆ ಒಳಪಡಿಸಿದಾಗ, ಅಲ್ಲಿಯ ಬೀನ್ಸ್ ಸುಮಾರು 1300ಕ್ಕಿಂತ ಹಿಂದಿನದಲ್ಲವೆಂದು ಗೊತ್ತಾಯಿತು. ಹಾಗೆಂದರೆ ಈ ಸೀಮೆಯ ಮೂವರು ಸೋದರಿಯರ ಒಡನಾಟ ನಮ್ಮ ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಕಾಲಕ್ಕಿಂತ ಹಳೆಯದಲ್ಲ. ಇದರಿಂದ ಆ ಪದ್ಧತಿಯ ಬೆಲೆಯೇನೂ ಕುಗ್ಗುವುದಿಲ್ಲ. ಬೇರೆಬೇರೆ ಕಾಲದಲ್ಲಿ ಬಂದ ಮೂರು ಬೀಜಗಳನ್ನು ಒಂದು ಸಂಸಾರವಾಗಿ ಹೊಂದಿಸಿದ್ದು ಪ್ರಕೃತಿಯಲ್ಲ, ಮಾಡಿ ನೋಡಿ ಕಲಿತ ರೈತರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ರೈತರು ಹೆಂಗಸರು. ಕಾಡು ಕಡಿದು ಹೊಲ ಬಿಡಿಸುವ ಕೆಲಸ ಗಂಡಸರದಾದರೆ, ಬಿತ್ತನೆ, ಕಳೆ, ಕೊಯ್ಲು, ಬೀಜದ ಆಯ್ಕೆ ಎಲ್ಲವೂ ಹೆಂಗಸರವು; ತುಳುನಾಡಿನ ಅಳಿಯಸಂತಾನದಂತೆ ಅಲ್ಲಿಯೂ ವಂಶ ತಾಯಿಯ ಕಡೆಯಿಂದ ಎಣಿಕೆಯಾಗುತ್ತಿತ್ತು, ಉದ್ದಮನೆಯೂ ಹೊಲದ ಫಸಲೂ ಆಯಾ ಕುಲದ ತಾಯಂದಿರ ಕೈಯಲ್ಲಿದ್ದವು, ಮುಖಂಡರನ್ನು ಆರಿಸುವ ಮತ್ತು ಇಳಿಸುವ ಅಧಿಕಾರವೂ ಅವರದಾಗಿತ್ತು. 1758ರಲ್ಲಿ ಸೆರೆಸಿಕ್ಕು ಸೆನೆಕಾ ಮನೆತನಕ್ಕೆ ದತ್ತುಹೋಗಿ, ಮುಂದೆ ಬಿಡುಗಡೆಯ ಅವಕಾಶವಿದ್ದರೂ ಅಲ್ಲೇ ಉಳಿದ ಮೇರಿ ಜೆಮಿಸನ್ ಎಂಬಾಕೆ ಹೇಳಿ ಬರೆಸಿದ ಜೀವನಕಥೆ 1824ರಲ್ಲಿ ಅಚ್ಚಾಯಿತು. ಹೆಂಗಸರೆಲ್ಲ ಗುಂಪಾಗಿ, ಹಿರಿಯಳೊಬ್ಬಳ ಮಾತಿನಂತೆ, ಮೇಲ್ವಿಚಾರಕರ ಗದರಿಕೆಯಿಲ್ಲದೆ ಹೊಲಗೆಲಸ ಮಾಡುತ್ತಿದ್ದ ಚಿತ್ರ ಅದರಲ್ಲಿದೆ. ಇದೇ ಹೊಲಗಳನ್ನು ಕಂಡ ಯೂರೋಪಿಯನ್ನರು, ಗಂಡಸು ನೇಗಿಲು ಹಿಡಿಯದ ಬೇಸಾಯವನ್ನು ಬೇಸಾಯವೆಂದೇ ಒಪ್ಪದೆ, ಆ ಜನರನ್ನು ಬೇಟೆಗಾರರ ಪಟ್ಟಿಗೆ ಸೇರಿಸಿದರು.

ನೇಗಿಲಿಲ್ಲದ್ದಕ್ಕೆ ಕಾರಣ ಸರಳ: ಎಳೆಯಲು ಎತ್ತುಗಳಿರಲಿಲ್ಲ. ಹಳೆಯ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಬಿತ್ತುವುದೂ ಕೂಡುಬೆಳೆಯೇ ಆದರೂ, ಅದು ಎತ್ತು ಎಳೆಯುವ ಕೂರಿಗೆಯ ಬೇಸಾಯವಾದ್ದರಿಂದ ಸಾಲಿನ ರೂಪ ಪಡೆಯಿತು. ಹೋಡೆನೊಶೋನಿಯರದು ಕೈಗುದ್ದಲಿಯ ಬೇಸಾಯವಾದ್ದರಿಂದ ಗುಡ್ಡೆಯ ರೂಪ ಪಡೆಯಿತು. ಹೆಚ್ಚುಕಡಿಮೆ ಒಂದು ಮೀಟರ್ ಅಂತರಕ್ಕೊಂದರಂತೆ ಮಣ್ಣು ಒಟ್ಟಿ, ಓಕ್ ಮರದ ಚಿಗುರಿನ ಗಾತ್ರ ನೋಡಿ ಹದ ತಿಳಿದು, ಗುಡ್ಡೆಗೆ ನಾಲ್ಕಾರು ಜೋಳದ ಕಾಳು ಊರಿ, ಪೈರು ಗೇಣುದ್ದ ಎದ್ದ ಮೇಲೆ ಅದರ ಬುಡದಲ್ಲಿ ಬೀನ್ಸ್, ನಡುವಿನ ಜಾಗದಲ್ಲಿ ಕುಂಬಳ ಹಾಕುವುದು ಕ್ರಮ. ಈ ಅನುಕ್ರಮ ತಪ್ಪಿ ಬೀನ್ಸ್ ಮೊದಲೇ ಮೊಳೆತರೆ ಬಳ್ಳಿ ಎಳೆಯ ಜೋಳವನ್ನೇ ಸುತ್ತಿ ನೆಲಕ್ಕೆ ಎಳೆಯುತ್ತದೆ. ಇಂದು ಹಿತ್ತಲಲ್ಲಿ ಇದನ್ನು ಮಾಡಿ ಸೋಲುವವರಲ್ಲಿ ಹಲವರು ಎಡವುವುದು ಇಲ್ಲಿಯೇ. ಜೋಳದ ದಂಟು ಬಳ್ಳಿಗೆ ಊರುಗೋಲಾಗುತ್ತದೆ, ಕುಂಬಳದ ಅಗಲವಾದ ಒರಟೆಲೆ ನೆಲಕ್ಕೆ ನೆರಳಾಗಿ ತೇವ ಉಳಿಸಿ ಕಳೆ ಅಡಗಿಸುತ್ತದೆ. ಬೀನ್ಸ್‌ನ ಬೇರುಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಜೋಳಕ್ಕೆ ಗೊಬ್ಬರವಾಗಿ ಉಣಿಸುತ್ತವೆ ಎಂಬ ಜನಪ್ರಿಯ ವಿವರಣೆ ಮಾತ್ರ ಅರ್ಧ ಸತ್ಯ. ಆ ಸಾರಜನಕದ ಹೆಚ್ಚಿನ ಪಾಲು ಅದೇ ಗಿಡದ ಕಾಳಿಗೆ ಹೋಗುತ್ತದೆ, ಉಳಿದದ್ದು ಬೇರು ಎಲೆಗಳು ಕೊಳೆತ ಮೇಲೆ ಮುಂದಿನ ಪೈರಿಗೆ ಸಿಗುತ್ತದೆ. ಉತ್ತ ಮಣ್ಣಿನಲ್ಲಿ ಬೇಗ ಕರಗಿಹೋಗುವ ಸಾವಯವ ಅಂಶ ಈ ಗುಡ್ಡೆಗಳಲ್ಲಿ ಉಳಿಯುತ್ತಿದ್ದುದೇ ಫಲವತ್ತತೆಯ ನಿಜವಾದ ಗುಟ್ಟೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಬೆಳೆವಿಜ್ಞಾನಿ, ಟಸ್ಕರೋರಾ ಮೂಲದ ಜೇನ್ ಮೌಂಟ್ ಪ್ಲೆಸೆಂಟ್ ವಾದಿಸಿದ್ದಾರೆ. 2016ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಹೀಗೆ ಬೆಳೆದ ಒಂದು ಹೆಕ್ಟೇರು ವರ್ಷಕ್ಕೆ 13 ಮಂದಿಗೆ ಬೇಕಾದ ಶಕ್ತಿಯನ್ನೂ ಸುಮಾರು 16 ಮಂದಿಗೆ ಬೇಕಾದ ಪ್ರೋಟೀನನ್ನೂ ಕೊಡುತ್ತದೆ. ಅಷ್ಟೇ ನೆಲದಲ್ಲಿ ಮೂರನ್ನೂ ಬೇರೆಬೇರೆಯಾಗಿ ಬೆಳೆದರೆ ಅಷ್ಟು ಸಿಗುವುದಿಲ್ಲ.

ಮೂರೂ ಎಲ್ಲೆಡೆ ಒಂದೇ ಗುಡ್ಡೆಯಲ್ಲಿ ಇರುತ್ತಿದ್ದವೆಂದು ಭಾವಿಸಬೇಕಾಗಿಲ್ಲ. 1605ರಲ್ಲಿ ಫ್ರೆಂಚ್ ನಾವಿಕ ಸಾಮ್ಯುಯೆಲ್ ದ ಶಾಂಪ್ಲೇನ್, ಇಂದಿನ ಮೇನ್ ರಾಜ್ಯದ ಸಾಕೊ ನದಿಯ ದಡದಲ್ಲಿ, ಹೋಡೆನೊಶೋನಿಯರಲ್ಲದ ಬೇರೆ ಜನರ ಹೊಲಗಳಲ್ಲಿ, ಜೋಳಕ್ಕೆ ಬೀನ್ಸ್ ಹಬ್ಬಿದ್ದನ್ನು ಕಂಡು ದಾಖಲಿಸಿದ. ಪಶ್ಚಿಮಕ್ಕೆ ದೂರದ ಮಿಸ್ಸೌರಿ ನದಿಯ ಹಿಡಾಟ್ಸಾ ಹೆಂಗಸರಾದರೋ ಇವುಗಳೊಡನೆ ಸೂರ್ಯಕಾಂತಿಯನ್ನೂ ಬೆಳೆಯುತ್ತಿದ್ದರು. ‘ಬಫಲೊ ಬರ್ಡ್ ವುಮನ್’ ಎಂದು ಹೆಸರಾದ ಹಿಡಾಟ್ಸಾ ರೈತಮಹಿಳೆ ಹೇಳಿ ಬರೆಸಿದ, 1917ರಲ್ಲಿ ಪ್ರಕಟವಾದ ಬೇಸಾಯದ ವಿವರಣೆ ಅಮೆರಿಕದ ಕೃಷಿ ಸಾಹಿತ್ಯದಲ್ಲೇ ಅಪರೂಪದ್ದು.

ಹೊಲದ ಹೊಂದಾಣಿಕೆ ಅಡುಗೆಮನೆಯಲ್ಲೂ ಮುಂದುವರಿಯಿತು. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಪ್ರೋಟೀನ್ ಅಂಶವನ್ನು ಬೀನ್ಸ್ ತುಂಬಿಕೊಡುತ್ತದೆ. ಒಣಜೋಳವನ್ನು ಒಲೆಬೂದಿಯ ನೀರಿನಲ್ಲಿ ಕುದಿಸಿ, ಬುಟ್ಟಿಯಲ್ಲಿ ತಿಕ್ಕಿ ತೊಳೆದು ಹೊರಸಿಪ್ಪೆ ಕಳೆಯುವ ರೂಢಿಯೂ ಅಲ್ಲಿತ್ತು. ಕಾಳಿನಲ್ಲಿ ಮೈಗೆ ದಕ್ಕದಂತೆ ಸೆರೆಯಾಗಿರುವ ನಯಾಸಿನ್ ಎಂಬ ಜೀವಸತ್ವ ಇದರಿಂದ ಬಿಡುಗಡೆಯಾಗುತ್ತದೆ. ಜೋಳವನ್ನು ಒಯ್ದ ಯೂರೋಪು ಈ ಬೂದಿನೀರಿನ ವಿದ್ಯೆಯನ್ನು ಒಯ್ಯಲಿಲ್ಲ. ಅದರ ಫಲವಾಗಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಚರ್ಮ ಸುಲಿದು ಬುದ್ಧಿ ಕಲಕುವ ಪೆಲಗ್ರಾ ರೋಗ ಕಾಣಿಸಿಕೊಂಡಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಮೊದಲು ವಿವರಿಸಿದ.

ಇಷ್ಟು ಜನರನ್ನು ಸಾಕುವ ಬೆಳೆ ಶತ್ರುಗಳ ಕಣ್ಣಿಗೆ ಬೀಳದೆ ಇರಲಿಲ್ಲ. 1687ರಲ್ಲಿ ಫ್ರೆಂಚ್ ಕೆನಡಾದ ಗವರ್ನರ್ ಡೆನೊನ್‌ವಿಲ್ ಸೆನೆಕಾ ಜನರ ಗನಂಡಾಗನ್ ಊರಿನ ಪೈರು, ಕಣಜಗಳನ್ನು ನಾಶಮಾಡಿದ. ಅದಕ್ಕಿಂತ ಘೋರವಾದದ್ದು 1779ರ ದಾಳಿ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಒಕ್ಕೂಟದ ಹೆಚ್ಚಿನವರು ಬ್ರಿಟಿಷರ ಕಡೆ ನಿಂತಾಗ, ಜಾರ್ಜ್ ವಾಷಿಂಗ್ಟನ್ ಜನರಲ್ ಜಾನ್ ಸಲಿವನ್‌ನನ್ನು ಕಳುಹಿಸಿ, ನೆಲದಲ್ಲಿರುವ ಬೆಳೆಯನ್ನು ಹಾಳುಗೆಡವಿ ಮತ್ತೆ ಬಿತ್ತದಂತೆ ಮಾಡಬೇಕೆಂದು ಆಜ್ಞಾಪಿಸಿದ. 40 ಊರುಗಳನ್ನೂ 1,60,000 ಬುಷೆಲ್ ಜೋಳವನ್ನೂ (ಬುಷೆಲ್ ಎಂದರೆ ಸುಮಾರು 35 ಲೀಟರಿನ ಅಳತೆ) ನಾಶಪಡಿಸಿದ್ದಾಗಿ ಸಲಿವನ್ ವರದಿ ಮಾಡಿದ. ಬೇಟೆಗಾರರೆಂದು ಹಣೆಪಟ್ಟಿ ಹಚ್ಚಿದ ಜನರಲ್ಲಿ ಸುಡಲು ಇಷ್ಟೊಂದು ಧಾನ್ಯ ಸಿಕ್ಕಿತು ಎಂಬುದನ್ನು ಗಮನಿಸಬೇಕು. ಆ ಕಡುಚಳಿಗಾಲದಲ್ಲಿ ಸಾವಿರಾರು ಮಂದಿ ನಯಾಗರಾ ಕೋಟೆಯ ಸುತ್ತ ಬ್ರಿಟಿಷರ ಪಡಿಯನ್ನು ನೆಚ್ಚಿ ಹಸಿವಿನಲ್ಲಿ ಕಳೆದರು. ದಿನಚರಿಗಳಲ್ಲಿ ಆ ಹೊಲಗಳ ಸಮೃದ್ಧಿಯನ್ನು ಬರೆದಿಟ್ಟ ಸೈನಿಕರಲ್ಲಿ ಕೆಲವರು ಯುದ್ಧ ಮುಗಿದ ಮೇಲೆ ಅದೇ ನೆಲಕ್ಕೆ ಒಕ್ಕಲಾಗಿ ಮರಳಿದರು. ವಾಷಿಂಗ್ಟನ್‌ನಿಗೆ ಹೋಡೆನೊಶೋನಿಯರು ಇಟ್ಟಿದ್ದ ‘ಊರು ಹಾಳುಮಾಡುವವನು’ ಎಂಬ ಹೆಸರು ಇಂದಿಗೂ ಅವರ ಬಾಯಲ್ಲಿದೆ.

ಬೀಜಗಳು ಮಾತ್ರ ಪೂರ್ತಿ ನಾಶವಾಗಲಿಲ್ಲ. ಡೆನೊನ್‌ವಿಲ್ ದಾಳಿಗೆ ಸಿಕ್ಕ ಗನಂಡಾಗನ್ ನೆಲೆಯಲ್ಲಿ ಇಂದು ಇರೊಕ್ವಾ ಬಿಳಿ ಮುಸುಕಿನ ಜೋಳವನ್ನು ಹಸನುಮಾಡಿ ಮಾರುತ್ತಾರೆ. ಸಲಿವನ್ ದಾಳಿಯಾಗಿ 230 ವರ್ಷಗಳ ಬಳಿಕ, 2009ರಲ್ಲಿ, ಅಮೆರಿಕ ಸರ್ಕಾರ ಹೊರಡಿಸಿದ ಒಂದು ಡಾಲರ್ ನಾಣ್ಯದ ಹಿಂಬದಿಯಲ್ಲಿ ಜೋಳ, ಬೀನ್ಸ್, ಕುಂಬಳದ ನಡುವೆ ಬಾಗಿ ಬೀಜ ಬಿತ್ತುತ್ತಿರುವ ಆದಿವಾಸಿ ಹೆಣ್ಣಿನ ಚಿತ್ರವಿದೆ.