ಬಾಯಿಬಿಟ್ಟು ಹೇಳಬೇಕಿದ್ದ ಮತ

1872ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಮತ ಹಾಕುವುದೆಂದರೆ ನೆರೆದ ಜನರೆದುರು ನಿಂತು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳುವುದು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಎಷ್ಟೋ ಊರುಗಳಲ್ಲಿ ಆ ಪುಸ್ತಕವನ್ನು ಅಚ್ಚುಹಾಕಿಸಿ ಮಾರುತ್ತಿದ್ದರು. ಧಣಿಯೂ ಓದಬಹುದಿತ್ತು, ಸಾಲ ಕೊಟ್ಟ ಅಂಗಡಿಯವನೂ ಓದಬಹುದಿತ್ತು. ಜನ ತಮ್ಮ ಅಭಿಪ್ರಾಯವನ್ನು ಏಕೆ ನುಂಗಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

1868ರ ಚುನಾವಣೆಯನ್ನೇ ನೋಡಿ. ವೇಲ್ಸ್‌ನ ಕಾರ್ಡಿಗನ್‌ಷೈರ್, ಕಾರ್ಮಾರ್ಥನ್‌ಷೈರ್ ಕಡೆ ಭೂಮಾಲೀಕರು ಹೆಚ್ಚಾಗಿ ಟೋರಿಗಳು, ಆಂಗ್ಲಿಕನ್ ಚರ್ಚಿನವರು; ಒಕ್ಕಲುಗಳು ಬೇರೆ ಪಂಥದ ಚಾಪೆಲ್‌ಗಳಿಗೆ ಹೋಗುವವರು. ಆ ಸಲ ಕೆಲವು ಒಕ್ಕಲುಗಳು ಧಣಿಯ ಮಾತು ಮೀರಿ ಲಿಬರಲ್ ಪಕ್ಷಕ್ಕೆ ಮತ ಕೊಟ್ಟರು. ಕೊಟ್ಟವರಲ್ಲಿ ಹಲವರಿಗೆ ಜಮೀನು ಬಿಡಬೇಕೆಂದು ನೋಟಿಸು ಬಂತು. ಅವರದು ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ. ನಮ್ಮ ಕರಾವಳಿಯವರಿಗೆ ಚಾಲಗೇಣಿ ಎಂದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಮರ್ಥರ್ ಟಿಡ್ವಿಲ್‌ನಿಂದ ಗೆದ್ದಿದ್ದ ಹೆನ್ರಿ ರಿಚರ್ಡ್ 1869ರಲ್ಲಿ ಈ ಸಂಗತಿಯನ್ನು ಪಾರ್ಲಿಮೆಂಟಿನಲ್ಲಿ ಎತ್ತಿದ. ಅಷ್ಟರಲ್ಲಿ ಒಕ್ಕಲೆದ್ದವರು ಎದ್ದಾಗಿತ್ತು.

ನನಗೆ ಸೋಜಿಗವೆನಿಸುವುದು ಜಾನ್ ಸ್ಟುವರ್ಟ್ ಮಿಲ್‌ನ ನಿಲುವು. ಸಮಾಜದ ಅಭಿಪ್ರಾಯವು ಕಾನೂನಿಗಿಂತ ಆಳವಾಗಿ ಮನುಷ್ಯನನ್ನು ಹಿಂಡಬಲ್ಲದು ಎಂದು 1859ರಲ್ಲಿ ಬರೆದವನು ಅವನೇ. ಎರಡೇ ವರ್ಷಕ್ಕೆ ಗುಪ್ತ ಮತದಾನವನ್ನು ವಿರೋಧಿಸಿದವನೂ ಅವನೇ! ಮತವು ಸಮಾಜಕ್ಕಾಗಿ ಹೊತ್ತ ಹೊಣೆ, ಆದ್ದರಿಂದ ಎಲ್ಲರೆದುರು ಚಲಾಯಿಸಬೇಕು, ಧಣಿಗಳ ಬಲವಂತದ ಕಾಲ ಹಿಂದೆ ಸರಿಯುತ್ತಿದೆ ಎಂಬುದು ಅವನ ವಾದ. ಗೇಣಿ ಕಟ್ಟಬೇಕಾದ ಚಿಂತೆ ಇಲ್ಲದವನಿಗೆ ಹೊಳೆಯುವ ವಾದವಿದು ಎಂದು ನನಗನ್ನಿಸುತ್ತದೆ.

ಕೊನೆಗೆ 1872ರ ಜುಲೈನಲ್ಲಿ ಬ್ಯಾಲಟ್ ಕಾಯಿದೆ ಬಂತು. ಆಸ್ಟ್ರೇಲಿಯದ ವಸಾಹತುಗಳು 1856ರಲ್ಲೇ ಈ ದಾರಿ ಹಿಡಿದಿದ್ದವು. ಇಲ್ಲಿ ಪಾರ್ಲಿಮೆಂಟಿಗೆ ಮೊದಲ ಗುಪ್ತ ಮತದಾನ ನಡೆದದ್ದು ಆಗಸ್ಟ್ 15ರಂದು, ಯಾರ್ಕ್‌ಷೈರಿನ ಪಾಂಟಿಫ್ರ್ಯಾಕ್ಟ್ ಉಪಚುನಾವಣೆಯಲ್ಲಿ. ಆಗಸ್ಟ್ 15 ಎಂದೊಡನೆ ನಮಗೆ ಬೇರೇನೋ ನೆನಪಾಗುತ್ತದೆ, ಇರಲಿ. ಗೆದ್ದ ಹ್ಯೂ ಚೈಲ್ಡರ್ಸ್ ಹಿಂದೆ ಮೆಲ್ಬರ್ನಿನಲ್ಲಿದ್ದವನು. ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದ್ದು ಆ ಊರಿನ ಜ್ಯೇಷ್ಠಮಧುವಿನ ಮಿಠಾಯಿಗೆ ಒತ್ತುವ ಅಚ್ಚಿನಿಂದ. ಆ ಪೆಟ್ಟಿಗೆ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಆದರೆ ಪೆಟ್ಟಿಗೆ ಕಾಯುವುದು ಚೀಟಿಯನ್ನು ಮಾತ್ರ. ನಮ್ಮ ಅಜ್ಜ ಉಡುಪಿ ಕಡೆ ಚಾಲಗೇಣಿ ಒಕ್ಕಲು. ಯಾರಿಗೆ ಮತ ಹಾಕಿದಿರಿ ಎಂದು ಕೇಳಿದರೆ ಮನೆಯವರಿಗೂ ಹೇಳುತ್ತಿರಲಿಲ್ಲ. 1974ರ ಭೂಸುಧಾರಣೆ ಕಾನೂನು ಬಂದಾಗ ಗುಟ್ಟಾಗಿ ಉಳಿಯಲು ದಾರಿಯಿರಲಿಲ್ಲ: ಭೂಮಿ ಬೇಕಿದ್ದರೆ ಏಳನೇ ನಮೂನೆಯಲ್ಲಿ ಧಣಿಯ ಹೆಸರೂ ತಮ್ಮ ಹೆಸರೂ ಬರೆದು ಡಿಕ್ಲರೇಷನ್ ಕೊಡಬೇಕಿತ್ತು. ಅಜ್ಜ ಕೊಟ್ಟರು. ಪಕ್ಕದ ಮನೆಯವರು ಧಣಿಯ ಮುಖ ಹೇಗೆ ನೋಡುವುದೆಂದು ಕೊಡಲಿಲ್ಲ. ಅವರನ್ನು ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ಅವರ ಮಗಳ ಮದುವೆಗೆ ಅಕ್ಕಿ ಬಂದದ್ದು ಆ ಧಣಿಯ ಮನೆಯಿಂದಲೇ.