ಮಿಂಚಂಚೆಯ ಮೂಲಕ ಕಡತಪ್ರಾಪ್ತಿ: ಒಂದು ಐತಿಹಾಸಿಕ ಅವಲೋಕನ

ದೂರದ ಭಂಡಾರದಲ್ಲಿರುವ ಹಸ್ತಪ್ರತಿಯ ಪಾಠವನ್ನು ಪಡೆಯಲು ವಿದ್ವಾಂಸರಿಗೆ ಎರಡು ಮಾರ್ಗಗಳುಂಟು. ತಾವೇ ಅಲ್ಲಿಗೆ ಹೋಗಿ ಪ್ರತಿಯನ್ನು ನೋಡುವುದು ಒಂದು. ಪತ್ರ ಬರೆದು, ಅಲ್ಲಿಯ ಲಿಪಿಕಾರರಿಂದ ಪ್ರತಿಮಾಡಿಸಿ ತರಿಸಿಕೊಳ್ಳುವುದು ಇನ್ನೊಂದು. ಗಣಕಯಂತ್ರಗಳ ಜಾಲದಲ್ಲಿಯೂ ಒಂದು ಕಾಲಕ್ಕೆ ಈ ಎರಡು ಮಾರ್ಗಗಳು ರೂಢಿಯಲ್ಲಿದ್ದವು. ಪತ್ರಮುಖೇನ ಕಡತಗಳನ್ನು ತರಿಸಿಕೊಳ್ಳುವ ಎರಡನೆಯ ಮಾರ್ಗ ಈಗ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಹಾಗೆ ಸಾಗಿಬಂದ ಪಾಠಗಳನ್ನು ಪರಿಶೀಲಿಸಬೇಕಾದ ಸಂಪಾದಕರಿಗೆ ಅದರ ಇತಿಹಾಸದ ಪರಿಚಯ ಅವಶ್ಯವಾದುದು.

ಒಂದು ಗಣಕದಿಂದ ಮತ್ತೊಂದಕ್ಕೆ ಕಡತವನ್ನು ನೇರವಾಗಿ ಸಾಗಿಸುವ ನಿಯಮಾವಳಿಗೆ ಎಫ್.ಟಿ.ಪಿ. ಎಂದು ಹೆಸರು. ಅಮೆರಿಕದ ಅರ್ಪಾನೆಟ್ ಜಾಲಕ್ಕಾಗಿ ಇದರ ಮೊದಲ ಕರಡನ್ನು 1971ರ ಏಪ್ರಿಲ್ ತಿಂಗಳಲ್ಲಿ ರಚಿಸಿದವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಎಂ.ಐ.ಟಿ.ಯಲ್ಲಿ ಕಾರ್ಯಮಾಡುತ್ತಿದ್ದ ಅಭಯ್ ಭೂಷಣ್. ಅವರೇ 1972ರ ಆಗಸ್ಟ್ ತಿಂಗಳ ಟಿಪ್ಪಣಿಯಲ್ಲಿ ಪತ್ರಗಳನ್ನೂ ಇದೇ ನಿಯಮಾವಳಿಯ ಮೂಲಕ ಸಾಗಿಸುವ ಆಜ್ಞೆಗಳನ್ನು ಸೂಚಿಸಿದರು. ಅಂಚೆಗೆ ಎಸ್.ಎಂ.ಟಿ.ಪಿ. ಎಂಬ ಪ್ರತ್ಯೇಕ ನಿಯಮಾವಳಿ ಪ್ರಕಟವಾದುದು 1982ರಲ್ಲಿ. ಮೊದಲು ಪತ್ರವು ಕಡತದ ವಾಹನವನ್ನೇರಿ ಸಾಗಿತು. ಅನಂತರ ಕಡತವೇ ಪತ್ರದ ವಾಹನವನ್ನೇರಬೇಕಾಯಿತು ಎಂಬುದು ಇಲ್ಲಿಯ ಸ್ವಾರಸ್ಯ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ನೇರ ಸಾಗಣೆಗೆ ಎರಡೂ ಗಣಕಗಳು ಅದೇ ಹೊತ್ತಿನಲ್ಲಿ ಪರಸ್ಪರ ಸಂಪರ್ಕದಲ್ಲಿರಬೇಕು. ಯು.ಯು.ಸಿ.ಪಿ. ಪದ್ಧತಿಯ ಗಣಕಗಳಾದರೋ ಗೊತ್ತಾದ ಸಮಯಕ್ಕೆ ದೂರವಾಣಿಯ ಮೂಲಕ ನೆರೆಯ ಗಣಕವನ್ನು ಕರೆದು, ಕೂಡಿಟ್ಟ ಪತ್ರಗಳನ್ನು ಒಪ್ಪಿಸಿ ಸಂಪರ್ಕವನ್ನು ಕಡಿದುಕೊಳ್ಳುತ್ತಿದ್ದವು. 1981ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ಆರಂಭವಾದ ಬಿಟ್‌ನೆಟ್ ಸಹ ಠಾಣೆಯಿಂದ ಠಾಣೆಗೆ ದಾಟಿಸುವ ಜಾಲವೇ ಆಗಿತ್ತು. ಇಂಥ ಕಡೆಗಳಲ್ಲಿದ್ದ ಸಂಶೋಧಕರಿಗೆ ಅಂಚೆಯುಂಟು, ನೇರ ಪ್ರವೇಶವಿಲ್ಲ ಎಂಬ ಸ್ಥಿತಿ.

ಈ ಕೊರತೆಯನ್ನು ನೀಗಿಸಿದ ವ್ಯವಸ್ಥೆಗಳಲ್ಲಿ ನೆಟ್‌ಲಿಬ್ ಮುಖ್ಯವಾದುದು. 1985ರಲ್ಲಿ ಜ್ಯಾಕ್ ಡೊಂಗಾರಾ ಮತ್ತು ಎರಿಕ್ ಗ್ರಾಸ್ ಅವರು ಗಣಿತೀಯ ಕ್ರಮವಿಧಿಗಳ ಈ ಭಂಡಾರವನ್ನು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಬೆಲ್ ಪ್ರಯೋಗಾಲಯಗಳಲ್ಲಿ ತೆರೆದರು. ‘ಸೆಂಡ್ ಇಂಡೆಕ್ಸ್’ ಎಂದು ಪತ್ರ ಬರೆದರೆ ಸೂಚಿಯು ಬರುತ್ತಿತ್ತು. ಸೂಚಿಯನ್ನು ನೋಡಿ ಬೇಕಾದುದನ್ನು ಕೇಳಿದರೆ ಅದೂ ಬರುತ್ತಿತ್ತು. ಪತ್ರವನ್ನು ಓದಿ ಉತ್ತರಿಸುತ್ತಿದ್ದುದು ಮನುಷ್ಯನಲ್ಲ, ಯಂತ್ರವೇ. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬಿಟ್‌ಎಫ್‌ಟಿಪಿ, ಕ್ಯಾಲಿಫೋರ್ನಿಯದ ಡಿಜಿಟಲ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ಎಫ್‌ಟಿಪಿಮೇಲ್ ಎಂಬ ಸೇವೆಗಳು ತಮ್ಮಲ್ಲಿಲ್ಲದ ಕಡತಗಳನ್ನೂ ಅನ್ಯ ಭಂಡಾರಗಳಿಂದ ತಂದುಕೊಡತೊಡಗಿದವು. ಯಾವ ಗಣಕ, ಯಾವ ಕೋಶ, ಯಾವ ಕಡತ ಎಂಬುದನ್ನು ಸಾಲುಸಾಲಾಗಿ ಬರೆದು ಕಳುಹಿಸಿದರೆ, ಯಂತ್ರವು ಬೇಡಿಕೆದಾರನ ಪರವಾಗಿ ಅಲ್ಲಿಗೆ ಹೋಗಿ ಕಡತವನ್ನು ತಂದು, ಅಂಚೆಗೆ ಹಾಕುತ್ತಿತ್ತು.

ಆದರೆ ಅಂದಿನ ಅಂಚೆ ಏಳು ಬಿಟ್ಟುಗಳ ರೋಮನ್ ಅಕ್ಷರಗಳನ್ನು ಮಾತ್ರ ನಂಬಿಕೆಯಿಂದ ಒಯ್ಯಬಲ್ಲುದಾಗಿತ್ತು. ಆದಕಾರಣ ಎಂಟು ಬಿಟ್ಟುಗಳ ಕಡತವನ್ನು ಮೊದಲು ಲಿಪ್ಯಂತರಗೊಳಿಸಬೇಕಾಗುತ್ತಿತ್ತು. ಇದಕ್ಕೆ ಬಳಕೆಯಾದ ಯು.ಯು.ಎನ್‌ಕೋಡ್ ಎಂಬ ವಿಧಾನವನ್ನು 1980ರಲ್ಲಿ ಬರ್ಕ್ಲಿಯಲ್ಲಿ ಮೇರಿ ಆ್ಯನ್ ಹಾರ್ಟನ್ ರಚಿಸಿದ್ದರು. ಇದರಲ್ಲಿ ಮೂಲದ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುತ್ತವೆ. ತುಂಬಿದ ಒಂದು ಸಾಲಿನಲ್ಲಿ ಮೂಲದ 45 ಬೈಟುಗಳು ಅಡಕವಾಗಿ, ಆ ಸಂಖ್ಯೆಯನ್ನು ಸೂಚಿಸುವ ಅಕ್ಷರವೊಂದು ಸಾಲಿನ ಮೊದಲಿಗೆ ನಿಲ್ಲುತ್ತದೆ. ಐದು ಲಕ್ಷ ಬೈಟುಗಳ ಕಡತವು ಹೀಗೆ ಸುಮಾರು 6,89,000 ಅಕ್ಷರಗಳಷ್ಟು ಬೆಳೆಯುತ್ತಿತ್ತು. ಎಫ್‌ಟಿಪಿಮೇಲ್ ಅದನ್ನು ಸಾಮಾನ್ಯವಾಗಿ 64,000ದ ತುಂಡುಗಳಾಗಿಸುತ್ತಿದ್ದುದರಿಂದ ಹನ್ನೊಂದು ಪತ್ರಗಳು ಬರಬೇಕು. ಅವು ಕ್ರಮತಪ್ಪಿ ಬರುವುದುಂಟು. ಒಂದು ಬಾರದೆಯೇ ಹೋಗುವುದೂ ಉಂಟು. ಪಡೆದವನು ಪ್ರತಿಯೊಂದರ ತಲೆಬರಹವನ್ನು ತೆಗೆದು, ಗರಿಗಳನ್ನು ಅಂಕದ ಪ್ರಕಾರ ಜೋಡಿಸುವಂತೆ ಜೋಡಿಸಿ, ಬಳಿಕ ಮೂಲರೂಪಕ್ಕೆ ತರಬೇಕಾಗಿತ್ತು. ಸಂಕ್ಷೇಪಿಸಿ ಕಟ್ಟಿದ ಕಡತವಾದರೆ, ನಡುವಿನ ಒಂದು ತುಂಡು ಲುಪ್ತವಾದಾಗ ಮುಂದಿನದೆಲ್ಲ ಸಾಮಾನ್ಯವಾಗಿ ನಿರುಪಯುಕ್ತವಾಗುತ್ತಿತ್ತು.

ಮಾರ್ಗಮಧ್ಯದಲ್ಲಿ ಸಂಭವಿಸುವ ದೋಷಗಳನ್ನು ಪಾಠಸಂಪಾದಕರು ವಿಂಗಡಿಸಿಕೊಳ್ಳಬೇಕು. ಕೆಲವು ಗಣಕಗಳು ಸಾಲಿನ ಕೊನೆಯ ಖಾಲಿ ಸ್ಥಳಗಳನ್ನು ಅಳಿಸಿಬಿಡುತ್ತಿದ್ದವು. ಹಳೆಯ ಯು.ಯು.ಎನ್‌ಕೋಡಿನಲ್ಲಿ ಖಾಲಿ ಸ್ಥಳವೂ ಒಂದು ಅಕ್ಷರವೇ. ಆದರೂ ಈ ದೋಷವು ಪರಿಹಾರ್ಯವಾದುದು. ಸಾಲಿನ ಮೊದಲ ಅಕ್ಷರವು ಅದರ ಉದ್ದವನ್ನು ಹೇಳುವುದರಿಂದ ಕೊರತೆಯನ್ನು ತುಂಬಬಹುದು. ಮೂವತ್ತೆರಡು ಅಕ್ಷರಗಳ ಗಣನೆಯಿಂದ ಬರೆದ ಗ್ರಂಥಾಗ್ರವು ಪ್ರತಿಯ ನ್ಯೂನತೆಯನ್ನು ತೋರಿಸಿಕೊಡುವಂತೆಯೇ ಇದು. ಬಿಟ್‌ನೆಟ್ಟಿನ ಐ.ಬಿ.ಎಂ. ಗಣಕಗಳು ಬೇರೊಂದು ವರ್ಣಕ್ರಮವನ್ನು ಬಳಸುತ್ತಿದ್ದುದರಿಂದ ಉಂಟಾದ ದೋಷ ಇನ್ನೊಂದು ಬಗೆಯದು. ಅಲ್ಲಿ ಎರಡು ಭಿನ್ನ ಚಿಹ್ನೆಗಳು ಒಂದೇ ಆಗಿ ಬೆರೆತಿದ್ದರೆ, ಆ ಪ್ರತಿಯೊಂದರಿಂದಲೇ ಮೂಲವನ್ನು ನಿರ್ಣಯಿಸುವುದು ಅಶಕ್ಯ.

ಈ ವಿಷಯವು ಕನ್ನಡಕ್ಕೂ ಸಂಬಂಧಿಸಿದೆ. 1986ರಲ್ಲಿ ಆರಂಭವಾದ ಎರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಭಾರತೀಯ ಲಿಪಿಗಳಿಗೆ 1991ರಲ್ಲಿ ನಿಗದಿಯಾದ ಇಸ್ಕಿ ಸಂಕೇತಕ್ರಮದಲ್ಲಿ ಕನ್ನಡದ ‘ಕ’ಕಾರದ ಸಂಖ್ಯೆ 179. ಅದಕ್ಕೆ ಎಂಟನೆಯ ಬಿಟ್ಟು ಬೇಕು. ಏಳು ಬಿಟ್ಟುಗಳ ಅಂಚೆಯಲ್ಲಿ ಆ ಬಿಟ್ಟು ಲೋಪವಾದರೆ 128 ಕಳೆದು 51 ಉಳಿಯುತ್ತದೆ; ಅದು ರೋಮನ್ ಕ್ರಮದಲ್ಲಿ 3 ಎಂಬ ಅಂಕೆ. ಶುದ್ಧ ಕನ್ನಡ ಪಾಠವಾಗಿದ್ದರೆ ಕಳೆದುದನ್ನು ಮತ್ತೆ ಕೂಡಿಸಿ ಉದ್ಧರಿಸಬಹುದು. ಪದ್ಯಸಂಖ್ಯೆಗಳನ್ನು 1, 2, 3 ಎಂಬ ಅಂಕೆಗಳಿಂದಲೇ ಬರೆದಿದ್ದರೆ, ಉಳಿದಿರುವ 3 ಎಂಬುದು ಪದ್ಯದ ಸಂಖ್ಯೆಯೋ ಪದದ ‘ಕ’ಕಾರವೋ ಎಂಬ ಸಂದೇಹವುಂಟಾಗುತ್ತದೆ. ಅದನ್ನು ಸಂದರ್ಭ, ಛಂದಸ್ಸು ಮತ್ತು ಪ್ರತ್ಯಂತರಗಳಿಂದಲೇ ನಿವಾರಿಸಬೇಕು. ಸಂಸ್ಕೃತ ವಿದ್ವಾಂಸರು ದೀರ್ಘಸ್ವರಗಳಿಗೂ ಮೂರ್ಧನ್ಯಗಳಿಗೂ ರೋಮನ್ ದೊಡ್ಡಕ್ಷರಗಳನ್ನು ಬಳಸುವ ಹಾರ್ವರ್ಡ್-ಕ್ಯೋಟೋ ಪದ್ಧತಿಯು ಇಂಥ ಅಪಾಯದಿಂದ ದೂರವಾದುದು.

1992ರ ಜೂನ್ ತಿಂಗಳಲ್ಲಿ ಬೋರೆನ್‌ಸ್ಟೈನ್ ಮತ್ತು ಫ್ರೀಡ್ ಅವರ ಮೈಮ್ ನಿಯಮಾವಳಿ ಪ್ರಕಟವಾಗಿ, ಪತ್ರದೊಡನೆ ಕಡತವನ್ನು ಲಗತ್ತಿಸುವ ಸರ್ವಸಮ್ಮತ ಕ್ರಮ ಏರ್ಪಟ್ಟಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ಅಂತರಜಾಲವು ಸಾರ್ವಜನಿಕರಿಗೆ ತೆರೆಯಿತು. ನೇರ ಸಂಪರ್ಕವು ಸುಲಭವಾದಂತೆ ಪತ್ರಮುಖೇನ ಕಡತ ತರಿಸುವ ಸೇವೆಗಳು ನಿಂತುಹೋದವು.

ಆದರೂ ಆ ಕಾಲದ ಪತ್ರಸಂಚಯಗಳೂ ತಟ್ಟೆಗಳೂ ವಿದ್ವಾಂಸರ ಸಂಗ್ರಹಗಳಲ್ಲಿ ದೊರೆತಾಗ, ಅರ್ಥಹೀನ ಅಕ್ಷರರಾಶಿಯೆಂದು ಅವನ್ನು ತಳ್ಳಿಹಾಕುವುದು ಯುಕ್ತವಲ್ಲ. ಅವಸರದಲ್ಲಿ ತಿದ್ದುವುದು ಅದಕ್ಕಿಂತಲೂ ಹಾನಿಕರ. ತಿದ್ದಿದ ಮೇಲೆ ದೋಷದ ಕ್ರಮವೇ ಅಳಿದು, ಉದ್ಧಾರದ ದಾರಿ ಮುಚ್ಚುತ್ತದೆ. ತಲೆಬರಹವೂ ಸೇರಿದಂತೆ ಬಂದ ರೂಪವನ್ನು ಹಾಗೆಯೇ ಉಳಿಸಿ, ಪ್ರತ್ಯೇಕ ನಕಲಿನ ಮೇಲೆ ಶೋಧನಕಾರ್ಯವನ್ನು ನಡೆಸಬೇಕು. ಓಲೆಯ ಪ್ರತಿಗೆ ಸಲ್ಲುವ ಈ ನಿಯಮವು ಮಿಂಚಂಚೆಯ ಪ್ರತಿಗೂ ಸಲ್ಲತಕ್ಕದ್ದು.