ಜಲಬಾಧೆಗೊಂದು ಜಾಗ

ಆಡುವುದಕ್ಕೆ ನಾಚಿಕೆಯಾಗುವ ಸಂಗತಿಗೆ ಭಾಷೆಯಲ್ಲಿ ಮುಸುಕುಗಳು ಹೆಚ್ಚು. ಒಂದಕ್ಕೆ ಹೋಗುವುದು, ಹೊರಗೆ ಹೋಗಿ ಬರುವುದು, ಜಲಬಾಧೆ, ಲಘುಶಂಕೆ: ಒಂದೇ ಕ್ರಿಯೆಗೆ ಎಷ್ಟೊಂದು ಹೆಸರು! ಆದರೆ ಆ ಕ್ರಿಯೆಗೆಂದೇ ಮೀಸಲಾದ ಸ್ಥಳಕ್ಕೆ ಅಚ್ಚಗನ್ನಡದ ಹೆಸರನ್ನು ಹುಡುಕಹೊರಟರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಪಾಯಿಖಾನೆ ಪಾರಸಿಯಿಂದ ಬಂದದ್ದು. ಕಕ್ಕಸು ಡಚ್ಚರ ಮಾತಿನಿಂದ ಬಂತೆನ್ನುತ್ತಾರೆ. ಮೂತ್ರಾಲಯ, ಮೂತ್ರಿ ಇವೆರಡೂ ಬೋರ್ಡು ಬರೆಸುವ ಸಲುವಾಗಿ ಹುಟ್ಟಿದ ಪದಗಳು. ಅಂಗಡಿಯವನಂತೂ ‘ಯೂರಿನಲ್’ ಎಂದೇ ಅನ್ನುತ್ತಾನೆ. ನಮ್ಮ ಹಿರಿಯರಿಗೆ ಹೆಸರು ಬೇಕಾಗಲಿಲ್ಲ, ಏಕೆಂದರೆ ಅವರಿಗೆ ಬೇರೊಂದು ಸ್ಥಳ ಬೇಕಾಗಲಿಲ್ಲ. ಬಯಲಿತ್ತು, ಬೇಲಿಯ ಮರೆಯಿತ್ತು, ರಾತ್ರಿಗೆ ಬಚ್ಚಲಿತ್ತು. ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು.

ಬಯಲು ಕರಗಿ ಪೇಟೆ ಬೆಳೆದಾಗ ಈ ಏರ್ಪಾಡು ಮುರಿಯಿತು. ಕೆಳದಿಯ ಚನ್ನಮ್ಮಾಜಿಯ ಹೆಸರು ಹೊತ್ತ ಚನ್ನಗಿರಿಯನ್ನೇ ನೋಡಿ. 1997ರವರೆಗೆ ಶಿವಮೊಗ್ಗ ಜಿಲ್ಲೆಗೂ ಅನಂತರ ದಾವಣಗೆರೆ ಜಿಲ್ಲೆಗೂ ಸೇರಿದ ಈ ಊರು ಅಡಿಕೆಯ ವಹಿವಾಟಿನ ಊರು. ತೋಟದವನು ಮಾಲು ತಂದು, ತೂಕ ಮಾಡಿಸಿ, ಧಾರಣೆ ಕೇಳಿ, ಬಸ್ಸಿಗೆ ಕಾಯುವ ಹೊತ್ತಿಗೆ ಎರಡು ಲೋಟ ಕಾಫಿ ಹೊಟ್ಟೆಗೆ ಇಳಿದಿರುತ್ತದೆ. ಕಾಫಿಯನ್ನು ಮಾರಿದವನಿಗೆ ಅದರ ಮುಂದಿನ ಗತಿಯ ಹೊಣೆಯೂ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಹೋಟೆಲು ಕಟ್ಟುವವನೋ ಅಂಗಡಿ ಸಾಲು ಎಬ್ಬಿಸುವವನೋ ದಾವಣಗೆರೆಗೆ ಹೋಗಿ ಸ್ಯಾನಿಟರಿ ಸಾಮಾನಿನ ಅಂಗಡಿಯಲ್ಲಿ ನಿಂತು, ಸಾಲಾಗಿ ತೂಗುಹಾಕಿದ ಬಿಳಿಯ ಬೋಗುಣಿಗಳಲ್ಲಿ ಅಗ್ಗವಾದುದನ್ನು ಬೆರಳಿನಿಂದ ತೋರಿಸುತ್ತಾನೆ. ಆ ಬೆರಳಿನ ಹಿಂದೆ ಒಂದು ದೀರ್ಘವಾದ ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ಪ್ರಸಿದ್ಧನಾದವನು ರೋಮಿನ ಚಕ್ರವರ್ತಿ ವೆಸ್ಪಾಸಿಯನ್ (ಕ್ರಿ.ಶ. 69–79). ಅಗಸರು ಬಟ್ಟೆಯ ಕೊಳೆ ತೆಗೆಯಲು ಹಳಸಿದ ಮೂತ್ರವನ್ನು ಬಳಸುತ್ತಿದ್ದರು. ಸಾರ್ವಜನಿಕ ಮೂತ್ರಿಗಳಿಂದ ಸಂಗ್ರಹವಾದ ಆ ಸರಕಿನ ಮೇಲೆ ಈತ ತೆರಿಗೆ ಹಾಕಿದ. ಮಗ ಟೈಟಸ್ ಅಸಹ್ಯಪಟ್ಟುಕೊಂಡಾಗ ತೆರಿಗೆಯ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಮೂತ್ರಿಗಳು ಎದ್ದಾಗ ಫ್ರೆಂಚರು ಅವಕ್ಕೆ ಆ ಚಕ್ರವರ್ತಿಯ ಹೆಸರನ್ನೇ ಇಟ್ಟರು. ರಾಜರಿಗೆ ಎಂತೆಂತಹ ಸ್ಮಾರಕಗಳು!

ನಮಗೆ ಇನ್ನೂ ಸಮೀಪದ ಉದಾಹರಣೆ ಸಿಂಹಳದ್ದು. ಅನುರಾಧಪುರದ ಪಶ್ಚಿಮ ದಿಕ್ಕಿನ ಬೌದ್ಧವಿಹಾರಗಳಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಮೂತ್ರಶಿಲೆಗಳಿವೆ. ಕಾಲಿಡಲು ಮೆಟ್ಟು, ನಡುವೆ ತೂತು, ಸುತ್ತಲೂ ಸೊಗಸಾದ ಕೆತ್ತನೆ. ಉಳಿದೆಲ್ಲ ಕಡೆ ಅಲಂಕಾರವನ್ನು ತೊರೆದ ಆ ಭಿಕ್ಷುಗಳು ಇದೊಂದು ಕಲ್ಲಿಗೆ ಮಾತ್ರ ಅರಮನೆಯ ಶಿಲ್ಪವನ್ನು ಕೆತ್ತಿಸಿದ್ದು ವೈಭವದ ಮೇಲಿನ ತಿರಸ್ಕಾರದಿಂದ ಎಂದು ವಿದ್ವಾಂಸರು ಊಹಿಸುತ್ತಾರೆ. ಕಲ್ಲಿನ ಕೆಳಗೆ ಮರಳು, ಇದ್ದಿಲು ತುಂಬಿದ ಮಡಕೆಗಳನ್ನಿಟ್ಟು, ಸೋಸಿದ ಮೇಲೆಯೇ ದ್ರವ ನೆಲಕ್ಕೆ ಇಳಿಯುವಂತೆ ಮಾಡಿದ್ದರಂತೆ. ತಮ್ಮ ಕಲ್ಮಷ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡವರು ಅವರು.

ಲಂಡನ್ನಿನ 1851ರ ಮಹಾ ಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಎಂಬ ಕೊಳಾಯಿ ಕಸಬಿನವನು ಶೌಚಗೃಹಗಳನ್ನು ಹೂಡಿದ. ಎಂಟು ಲಕ್ಷಕ್ಕೂ ಹೆಚ್ಚು ಜನ ಒಂದೊಂದು ಪೆನ್ನಿ ಕೊಟ್ಟು ಬಳಸಿದರು. ವ್ಯಾಪಾರದ ಸ್ಥಳದಲ್ಲಿ ಶೌಚಕ್ಕೂ ಒಂದು ಲೆಕ್ಕ ಉಂಟೆಂದು ತೋರಿಸಿಕೊಟ್ಟ ಪ್ರಸಂಗವಿದು.

ನಮ್ಮ ನಾಡಿಗೆ ಬಂದರೆ ಚರಿತ್ರೆಯ ಬಣ್ಣ ಬದಲಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಜನ ತುಂಬಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟಿದ್ದರು. ಅವು ಮಲ ಹೊರುವವರು ಬಂದು ಹೋಗುವ ದಾರಿ. ಮುಂಬಾಗಿಲಲ್ಲಿ ರಂಗವಲ್ಲಿ, ಹಿಂಬಾಗಿಲಲ್ಲಿ ಮನುಷ್ಯನ ತಲೆಯ ಮೇಲೆ ಬುಟ್ಟಿ. ಆ ಬುಟ್ಟಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು. ಕನ್ನಡ ಪಾಠ ಹೇಳುವ ನಾವು 1973ರ ‘ಬೂಸಾ’ ಮಾತಿಗಾಗಿ ಅವರನ್ನು ನೆನೆಯುವಷ್ಟು ಈ ಕೆಲಸಕ್ಕಾಗಿ ನೆನೆಯುವುದಿಲ್ಲ. ಸಾಹಿತ್ಯದವರ ನೆನಪು ಒಂದೊಂದು ಸಲ ಬಹಳ ಸಣ್ಣದು.

ಹೋಟೆಲುಗಳ ಕಥೆಯೂ ಮುಂಬಾಗಿಲು, ಹಿಂಬಾಗಿಲುಗಳ ಕಥೆಯೇ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದು, ತಟ್ಟೆ ಲೋಟಗಳನ್ನು ಕುದಿಯುವ ಹಬೆಯಲ್ಲಿ ತೊಳೆಸತೊಡಗಿದರು; ಗಿರಾಕಿಗಳನ್ನು ಅಡಿಗೆಮನೆಯ ಮೂಲಕವೇ ಕರೆದೊಯ್ಯುವ ಪದ್ಧತಿಯೂ ಅಲ್ಲಿ ಬೆಳೆಯಿತು. ‘ಅಡಿಗೆಮನೆ ನೋಡಬಹುದು’ ಎನ್ನುವ ಧೈರ್ಯ ನಾಡಿನ ಹೋಟೆಲುಗಳಿಗೆ ಹೀಗೆ ನಿಧಾನವಾಗಿ ಬಂತು. ‘ಮೂತ್ರಿ ನೋಡಬಹುದು’ ಎಂದು ಎದೆತಟ್ಟಿ ಹೇಳುವ ಹೋಟೆಲು ಸಣ್ಣ ಊರುಗಳಲ್ಲಿ ಇನ್ನೂ ಅಪರೂಪ. ಅಲ್ಲಿ ಬಹುಕಾಲ ನಡೆದದ್ದು ಡಾಂಬರು ಬಳಿದ ಗೋಡೆ, ಬುಡದಲ್ಲಿ ಸಿಮೆಂಟಿನ ಕಾಲುವೆ, ಬೆಳಗಿಗೊಂದು ಸಲ ಬ್ಲೀಚಿಂಗ್ ಪುಡಿ, ಫಿನಾಯಿಲು, ನಾಲ್ಕು ನುಸಿಗುಳಿಗೆ.

ನುಸಿಗುಳಿಗೆ ವಾಸನೆಯನ್ನು ಕಳೆಯುವುದಿಲ್ಲ. ಅದರ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತದೆ. ಆರೋಗ್ಯವಂತನ ಹೊಸ ಮೂತ್ರಕ್ಕೆ ಅಂತಹ ದುರ್ನಾತವೇನೂ ಇಲ್ಲ. ಅದು ನಿಂತಲ್ಲಿ ನಿಂತರೆ ಬ್ಯಾಕ್ಟೀರಿಯಗಳು ಅದರ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತವೆ. ಮೂಗಿಗೆ ಹೊಡೆಯುವುದು ಇದು. ಆಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಟ್ಟಿಯಾಗಿ ಕೊಳವೆಯ ಒಳಗೆ ಕಟ್ಟಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ಉಪ್ಪು ಕಟ್ಟುವುದು ಇನ್ನೂ ಬೇಗ. ಹಾಗಾಗಿ ಆಯ್ಕೆಯ ಮೊದಲ ಪ್ರಶ್ನೆ ಬೋಗುಣಿಯ ಅಂದದ್ದಲ್ಲ, ದ್ರವ ಎಲ್ಲಿ ನಿಲ್ಲುತ್ತದೆ ಎಂಬುದು. ಸಿಮೆಂಟಿನ ಕಾಲುವೆ ಸೋಲುವುದು ಇಲ್ಲಿಯೇ. ಸಿಮೆಂಟು ಹೀರುತ್ತದೆ, ಹೀರಿದ್ದನ್ನು ಯಾವ ಪೊರಕೆಯೂ ತೆಗೆಯಲಾರದು. ನುಣುಪು ಮೆರುಗಿನ ಪಿಂಗಾಣಿ ಹೀರುವುದಿಲ್ಲ. ಗೋಡೆಗೆ ತೂಗುಹಾಕುವ ಬೋಗುಣಿಯಾದರೆ ಕೆಳಗಿನ ನೆಲವನ್ನು ಪೂರ್ತಿ ಒರೆಸಬಹುದು. ನೆಲದಿಂದ ತುಟಿಗೆ ಸುಮಾರು ಎರಡು ಅಡಿ ಎತ್ತರ, ಮಕ್ಕಳಿಗೆ ಒಂದನ್ನು ಇನ್ನೂ ತಗ್ಗಿಸಿ, ನಡುನಡುವೆ ಮರೆಹಲಗೆ; ಕೊಳವೆ ಲೋಹದ್ದಾಗದೆ ಪಿ.ವಿ.ಸಿ.ಯದಾದರೆ ತುಕ್ಕಿನ ಭಯವಿಲ್ಲ.

ನೀರೇ ಬೇಡದ ಯೂರಿನಲ್ಲುಗಳೂ ಬಂದಿವೆ. ದ್ರವ ಇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವ ರಬ್ಬರಿನ ನಾಲಿಗೆಯೋ ತೇಲುವ ಎಣ್ಣೆಯ ಪದರವೋ ವಾಸನೆಯನ್ನು ತಡೆಯುತ್ತದೆ. ಅಡಿಕೆ ತೋಟಕ್ಕೇ ನೀರು ಸಾಲದ ಬರಗಾಲದಲ್ಲಿ ಇದು ಆಸೆ ಹುಟ್ಟಿಸುವ ವಸ್ತು. ಆದರೆ ಆ ಬಿಡಿಭಾಗವನ್ನು ಕಾಲಕಾಲಕ್ಕೆ ಬದಲಿಸಬೇಕು. ತೊಳೆಯುವವನಿಗೆ ತಿಳಿಸಿ ಹೇಳದಿದ್ದರೆ ಅವನು ಅಭ್ಯಾಸಬಲದಿಂದ ಒಂದು ಬಕೀಟು ನೀರನ್ನೋ ಆಸಿಡ್ಡನ್ನೋ ಸುರಿದು ಅದರ ಕಥೆ ಮುಗಿಸುತ್ತಾನೆ. ಬಿಡಿಭಾಗ ಊರಲ್ಲೇ ಸಿಕ್ಕುವವರೆಗೆ, ಒತ್ತಿದರೆ ಅಳತೆಯ ನೀರು ಬಿಟ್ಟು ತಾನೇ ನಿಲ್ಲುವ ನಲ್ಲಿಯೇ ಚನ್ನಗಿರಿಯಂತಹ ಊರಿಗೆ ಲೇಸೆಂದು ನನ್ನ ಅಭಿಪ್ರಾಯ. ಕೈ ತೋರಿಸಿದರೆ ನೀರು ಬಿಡುವ ಯಂತ್ರದ ಕಣ್ಣು ಕೆಟ್ಟರೆ ಸರಿಪಡಿಸುವವನು ದಾವಣಗೆರೆಯಿಂದ ಬರಬೇಕು.

ಆಸಿಡ್ಡಿನ ಮಾತು ಬಂತು. ಉಪ್ಪು ಕಟ್ಟಿದ ಬೋಗುಣಿಗೆ ಅದನ್ನು ಸುರಿಯುವುದು ನಮ್ಮಲ್ಲಿ ವಾಡಿಕೆ. ಬ್ಲೀಚಿಂಗ್ ಪುಡಿ ಬಿದ್ದಲ್ಲಿಯೇ ಅದು ಬಿದ್ದರೆ ಏಳುವುದು ಕ್ಲೋರೀನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಹೋಟೆಲಿನ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ ಬರಿಗೈಯ ಹೆಂಗಸೊಬ್ಬಳು ಅದನ್ನು ಉಸಿರಾಡುತ್ತಾಳೆ. 1993ರ ಕಾಯಿದೆ, ಇನ್ನೂ ಬಿಗಿಯಾದ 2013ರ ಕಾಯಿದೆ ಎರಡೂ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವು. ಬರಿಗೈಯಲ್ಲಿ ಯೂರಿನಲ್ಲು ತಿಕ್ಕುವವಳ ಕಡೆಗೆ ಅವುಗಳ ಕಣ್ಣು ಅಷ್ಟಾಗಿ ಹೊರಳಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಬಳಿದುಕೊಂಡು ನಿಂತರು. ಅವರು ವಾಸವಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಏಳಬೇಕೆಂದು ಅವರನ್ನು ಒಕ್ಕಲೆಬ್ಬಿಸಹೊರಟಿದ್ದರು. ಊರಿನ ಕಕ್ಕಸುಗಳನ್ನು ತೊಳೆದವರಿಗೆ ಊರಿನ ಹೊಸ ಅಂಗಡಿ ಸಾಲು ಕೊಟ್ಟ ಉಡುಗೊರೆ ಅದು.

ಇನ್ನು ಹೆಂಗಸರು. ಯೂರಿನಲ್ಲು ಗಂಡಸಿನ ವಸ್ತು. ಅದರ ಚರಿತ್ರೆಯೂ ಗಂಡಸಿನದೇ. ಪ್ಯಾರಿಸಿನ ಬೀದಿಯ ಮೂತ್ರಿಗಳು ಹೆಂಗಸರಿಗೆ ಉಪಯೋಗಕ್ಕೆ ಬರಲಿಲ್ಲ. ಮುಂಬಯಿಯ ಹೆಂಗಸರು 2011ರಲ್ಲಿ ಚಳವಳಿ ಹೂಡಿದ್ದು, ಗಂಡಸಿಗೆ ಬಿಟ್ಟಿಯಾದುದಕ್ಕೆ ತಮ್ಮಿಂದ ಮಾತ್ರ ಕಾಸು ಕೀಳುತ್ತಾರೆಂಬ ಕಾರಣಕ್ಕೆ. ಒಂದೇ ಅಳತೆಯ ಎರಡು ಕೋಣೆ ಕಟ್ಟಿ ಸಮಾನತೆ ಸಾಧಿಸಿದೆವೆನ್ನುವುದು ಲೆಕ್ಕ ತಪ್ಪಿದ ಮಾತು: ಎರಡೆರಡು ಅಡಿಗೊಂದು ಯೂರಿನಲ್ಲು ಹಿಡಿಸುವ ಕೋಣೆಯಲ್ಲಿ ಬಾಗಿಲುಳ್ಳ ಕಿರುಕೋಣೆಗಳು ಅಷ್ಟು ಹಿಡಿಸುವುದಿಲ್ಲ, ಹೆಂಗಸಿಗೆ ಸಮಯವೂ ಹೆಚ್ಚು ಬೇಕು. ಅಡಿಕೆ ಸುಲಿಯಲು ಬಂದವಳು, ಅಂಗಡಿಯಲ್ಲಿ ಬಟ್ಟೆ ಮಡಿಸುವವಳು ಇದಕ್ಕೆ ಕಂಡುಕೊಂಡ ಉಪಾಯ ದಿನವಿಡೀ ನೀರು ಕುಡಿಯದಿರುವುದು. ಅದರ ಫಲವಾದ ಉರಿಮೂತ್ರ, ಸೋಂಕುಗಳ ವಿಚಾರವನ್ನು ವೈದ್ಯರಲ್ಲಿ ಕೇಳಬಹುದು.

ಹೋಟೆಲು ಕಟ್ಟುವವನು ನಕ್ಷೆ ಬರೆಸುವಾಗ ಬೋಗುಣಿಗಳ ಲೆಕ್ಕಕ್ಕೆ ಮೊದಲು ಈ ಕೋಣೆಗಳ ಲೆಕ್ಕ ಹಾಕಬೇಕು. ನೆಲ ಮೋರಿಯ ಕಡೆಗೆ ಇಳಿಜಾರಾಗಿರಲಿ. ಗಾಳಿಗೆ ಒಂದು ಕಿಟಕಿ, ರಬ್ಬರಿನ ಗವಸು ನೇತುಹಾಕಲು ಒಂದು ಮೊಳೆ, ಬಕೀಟು ಪೊರಕೆಗೆ ಒಂದು ಗೂಡು ಇರಲಿ. ತೊಳೆಯುವವಳು ಕೆಲಸ ಮುಗಿಸಿ ಕೈ ತೊಳೆಯುವ ನಲ್ಲಿ ಗಿರಾಕಿಗಳು ಕೈ ತೊಳೆಯುವ ನಲ್ಲಿಯೇ ಆಗಿರಲಿ. ಅಲ್ಲಿ ಸಾಬೂನೂ ಇರಲಿ.